ಹತ್ತಕ್ಕೆ ಮೂರು ಅಂಕ

ಬಂದವನಿಗೆ ಕೋಪ ಇರಲಿಲ್ಲ.

ಅದೇ ಅವಳಿಗೆ ತೊಂದರೆಯಾಯಿತು. ಕೋಪದಿಂದ ಬರುವವರನ್ನು ಹೇಗೆ ಸಾಗಹಾಕಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡ ಸಾಮಾನ್ಯ ಜನರಿಗಾಗಿ ನಡೆಯುವ ಒಂದು ಮಾಸಪತ್ರಿಕೆಯಲ್ಲಿ, ಐದು ವರ್ಷದಿಂದ ಅವಳು ಸಾಫ್ಟ್‌ವೇರ್ ಮತ್ತು ವೆಬ್‌ಸೈಟ್‌ಗಳನ್ನು ಪರೀಕ್ಷಿಸಿ ಅಂಕ ಕೊಡುತ್ತಿದ್ದಳು. ಹತ್ತಕ್ಕೆ ಎಂಟು ಬಂದವರು ಸುಮ್ಮನಿರುತ್ತಿದ್ದರು. ನಾಲ್ಕು ಬಂದವರು ಮೆಟ್ಟಿಲು ಹತ್ತಿ ಬರುತ್ತಿದ್ದರು. ಆಫೀಸಿನಲ್ಲಿ ಅವಳಿಗೆ ಕತ್ತರಿ ಎಂದು ಹೆಸರು. ಎದುರಿಗೇ ಕರೆಯುತ್ತಿದ್ದರು.

ಇವನಿಗೆ ಅವಳು ಕೊಟ್ಟದ್ದು ಮೂರು.

'ಫೋಟೋ ಪೆಟ್ಟಿಗೆ' ತನ್ನದು ಎಂದು ಹೇಳಿಕೊಂಡ. ಚೆಲ್ಲಾಪಿಲ್ಲಿಯಾದ ಫೋಟೋಗಳನ್ನು ವರ್ಷ, ಮುಖ ನೋಡಿ ಜೋಡಿಸಿಡುವ ಸಾಫ್ಟ್‌ವೇರ್ ಅದು. ಒಬ್ಬನೇ ಕೂತು ಮಾಡಿದ್ದು. ಶರ್ಟಿನ ಒಂದು ತೋಳು ಮಡಚಿತ್ತು, ಇನ್ನೊಂದು ಮಡಚಿರಲಿಲ್ಲ. ಕೈಯಲ್ಲಿ ಆ ತಿಂಗಳ ಸಂಚಿಕೆ.

"ಕೂತ್ಕೊಳ್ಳಿ. ಅಂಕ ಬದಲಾಗಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ."

"ಅಂಕ ಇರಲಿ ಮೇಡಂ. ಹತ್ತೊಂಬತ್ತು ಫೋಟೋ ಕಾಣೆಯಾದವು ಅಂತ ಬರೆದಿದ್ದೀರಿ. ಯಾವ ಹತ್ತೊಂಬತ್ತು?"

ಐದು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಯಾವುವು ಎಂದು ಅವಳೂ ನೋಡಿರಲಿಲ್ಲ, ಎಷ್ಟು ಎಂದಷ್ಟೇ ಎಣಿಸಿದ್ದಳು.

ಯಾರ ಫೋಟೋ ಎಂದು ಅವನು ಕೇಳಿದ. ತನ್ನ ದೊಡ್ಡಮ್ಮನದು ಎಂದಳು.

"ಹಾಗಾದ್ರೆ ಅವರು ಕಾಯ್ತಾ ಇರ್ತಾರೆ," ಎಂದ. ತನ್ನ ಅಂಕ ಮರೆತೇ ಹೋದವನ ಹಾಗೆ.

ನಾಟಕ ಮಾಡುತ್ತಿದ್ದಾನಾ... ಇಲ್ಲ, ನಾಟಕ ಮಾಡುವವರು ಎರಡೂ ತೋಳು ಮಡಚಿಕೊಂಡು ಬರುತ್ತಾರೆ.

ಗುರುವಾರ ಬನ್ನಿ ಎಂದುಬಿಟ್ಟಳು. ಯಾಕೆ ಹೇಳಿದೆ ಎಂದು ಅವನು ಮೆಟ್ಟಿಲಿಳಿದ ಮೇಲೆ ಯೋಚಿಸಿದಳು.

* * *

ಗುರುವಾರ ಪರೀಕ್ಷೆಯ ದಿನ.

ಅವಳ ಅಂಕಣಕ್ಕೆ ಬೆಲೆ ಬಂದದ್ದೇ ಆ ಪರೀಕ್ಷೆಯಿಂದ. ಬೇರೆ ಪತ್ರಿಕೆಯವರು ಕಂಪ್ಯೂಟರ್ ಬಲ್ಲವರನ್ನು ಕೂರಿಸಿ ಬರೆಸುತ್ತಿದ್ದರು. ಅವಳು ದೊಡ್ಡಮ್ಮನನ್ನು ಕೂರಿಸುತ್ತಿದ್ದಳು. ದೊಡ್ಡಮ್ಮ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಡಾಕ್ಟರನ್ನೇ ಗದರಿಸಿದ ನಾಲಿಗೆಗೆ ಸಾಫ್ಟ್‌ವೇರ್ ಯಾವ ಲೆಕ್ಕ.

ಪರೀಕ್ಷೆಯ ಕೋಣೆಯಲ್ಲಿ ಒಂದೇ ನಿಯಮ: ಯಾರೂ ಸಹಾಯ ಮಾಡಬಾರದು. ದೊಡ್ಡಮ್ಮ ದಾರಿ ತಪ್ಪಿದಾಗ ಕೈ ತಾನಾಗಿ ಮೌಸಿನ ಕಡೆ ಹೋಗುತ್ತದೆಂದು ಅವಳು ತನ್ನೆರಡು ಕೈಗಳ ಮೇಲೆ ಕೂತುಬಿಡುತ್ತಿದ್ದಳು. ದೊಡ್ಡಮ್ಮ ಎಷ್ಟು ಸಲ ನಿಟ್ಟುಸಿರು ಬಿಟ್ಟಳು, ಎಷ್ಟು ಸಲ ಬೈದಳು ಎಂಬುದು ಆಮೇಲೆ ಅಂಕವಾಗುತ್ತಿತ್ತು. ಓದುಗರು ಕಾಗದ ಬರೆಯುತ್ತಿದ್ದರು: ನೀವು ಹೇಳಿದಿರಿ, ಹಾಗಾಗಿ ತಗೊಂಡೆವು. ಅವಳಿಗೆ ಇದ್ದ ಆಸ್ತಿ ಆ ಒಂದು ಮಾತು. ಮದುವೆ ಯಾವಾಗ ಎಂದು ಕೇಳುವ ನೆಂಟರಿಗೆ ಅದು ಆಸ್ತಿಯಾಗಿ ಕಾಣುತ್ತಿರಲಿಲ್ಲ, ಅಷ್ಟೇ.

ಗುರುವಾರ ಅವನು ಬಂದ. ಬಾಯಿ ಬಿಡಬಾರದು, ಕೈ ಮೇಲೆ ಕೂರಬೇಕು ಎಂದಳು. ಕೂತ.

ದೊಡ್ಡಮ್ಮ ಅವನದೇ ಸಾಫ್ಟ್‌ವೇರ್ ತೆರೆದು 'ಆಮದು' ಎಂಬ ಗುಂಡಿ ಕಂಡು ತಡೆದಳು. ಕನ್ನಡಕ ಏರಿಸಿದಳು, ಇಳಿಸಿದಳು.

"ಏನಪ್ಪಾ ಇದು, ನನ್ನ ಫೋಟೋ ಏನು ಹಡಗಲ್ಲಿ ಬರುತ್ತಾ?"

ಅವನ ಕಿವಿ ಕೆಂಪಾಯಿತು. ಬಾಯಿ ಬಿಡಲಿಲ್ಲ. ಮುಂದಿನ ವಾರ ಆ ಗುಂಡಿಯ ಮೇಲೆ 'ಫೋಟೋ ಇಲ್ಲಿಗೆ ತನ್ನಿ' ಎಂದಿತ್ತು.

ಆ ದಿನ ಅವನು ಹೊರಡುವ ಮುಂಚೆ ದೊಡ್ಡಮ್ಮನನ್ನು ಅದೇ ಪ್ರಶ್ನೆ ಕೇಳಿದ. ಯಾವ ಹತ್ತೊಂಬತ್ತು?

ದೊಡ್ಡಮ್ಮನಿಗೆ ಗೊತ್ತಿತ್ತು. ಅವೆಲ್ಲ ತೀರಿಹೋದ ದೊಡ್ಡಪ್ಪ ತೆಗೆದ ಫೋಟೋಗಳು. ಅವರು ಒಂದೇ ಜಾಗದಲ್ಲಿ ನಿಲ್ಲಿಸಿ ಮೂರು ಮೂರು ಸಲ ತೆಗೆಯುತ್ತಿದ್ದರಂತೆ. ಮೊದಲನೆಯದರಲ್ಲಿ ದೊಡ್ಡಮ್ಮ ಮುಖ ಗಂಟಿಕ್ಕಿರುತ್ತಿದ್ದಳು. ಎರಡನೆಯದರಲ್ಲಿ ಏನೋ ಬೈಯುತ್ತಿರುತ್ತಿದ್ದಳು.

"ಮೂರನೇದರಲ್ಲಿ ನಗು ಬಂದುಬಿಡೋದು. ಹೋಗಿರೋದೆಲ್ಲ ಮೂರನೇವು ಕಣಪ್ಪಾ."

ಅವನು ಏನೋ ಹೇಳಲು ಹೋಗಿ ಅವಳ ಕಡೆ ನೋಡಿದ. ನೀರು ಕೇಳಿ ಕುಡಿದು ಹೋದ.

* * *

ಅವನು ಮುಂದಿನ ಗುರುವಾರವೂ ಬಂದ. ಅದರ ಮುಂದಿನದೂ. ಬೇರೆಯವರ ಸಾಫ್ಟ್‌ವೇರ್ ಪರೀಕ್ಷೆಯಿದ್ದರೂ ಕೂತು ನೋಡುತ್ತಿದ್ದ. ಇದನ್ನು ಕಾಲೇಜಿನಲ್ಲಿ ಯಾರೂ ಕಲಿಸಲಿಲ್ಲ ಎನ್ನುತ್ತಿದ್ದ. ತಯಾರಕರಿಂದ ಚಹಾ ಕೂಡ ಮುಟ್ಟಬಾರದೆಂಬ ನಿಯಮ ಅವಳದು. ಅವನು ತನ್ನ ಫ್ಲಾಸ್ಕ್ ತರುತ್ತಿದ್ದ, ಅವಳು ತನ್ನದು. ಒಂದೇ ಬೆಂಚಿನ ಮೇಲೆ ಇಬ್ಬರೂ ತಮ್ಮ ತಮ್ಮ ಕೈಗಳ ಮೇಲೆ ಕೂತು, ದೊಡ್ಡಮ್ಮ ಒಂದು ಬ್ಯಾಂಕಿನ ವೆಬ್‌ಸೈಟಿಗೆ ಬೈಯುವುದನ್ನು ಕೇಳುತ್ತಿದ್ದರು. ಪ್ರೀತಿ ಶುರುವಾಗಲು ಇದಕ್ಕಿಂತ ಚಂದದ ಜಾಗಗಳಿವೆ. ಅವರಿಗೆ ಸಿಕ್ಕಿದ್ದು ಇದು.

ಬುಧವಾರ ಸಂಜೆಯೇ ನಾಳೆ ಯಾವ ಬಟ್ಟೆ ಎಂದು ಯೋಚಿಸುತ್ತಿರುವುದು ಅವಳ ಗಮನಕ್ಕೆ ಬಂತು. ಕತ್ತರಿಗೆ ಇದೆಲ್ಲ ಬೇಕಿತ್ತಾ... ಎಂದುಕೊಂಡಳು. ಆದರೂ ಯೋಚಿಸಿದಳು.

ಏಳನೆಯ ಗುರುವಾರ ದೊಡ್ಡಮ್ಮ ಕಣ್ಣಿನ ತಪಾಸಣೆಗೆ ಹೋಗಿದ್ದಳು. ಪರೀಕ್ಷೆ ಇರಲಿಲ್ಲ. ಸಂಪಾದಕರ ಕೋಣೆಯಿಂದ ಅವಳು ಹಿಂತಿರುಗಿದಾಗ ಪರೀಕ್ಷೆಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು.

ಒಳಗೆ ಅವನಿದ್ದ. ಪರೀಕ್ಷೆಯ ಕಂಪ್ಯೂಟರಿಗೆ ಒಂದು ಕಪ್ಪು ಡ್ರೈವ್ ಸಿಕ್ಕಿಸಿದ್ದ. ಅವಳನ್ನು ನೋಡಿ ಅದನ್ನು ಕಿತ್ತು ಚೀಲಕ್ಕೆ ಹಾಕಿಕೊಂಡ.

ಆ ಕಂಪ್ಯೂಟರಿನಲ್ಲಿ ಇನ್ನೂ ಮಾರುಕಟ್ಟೆಗೆ ಬಾರದ ನಾಲ್ಕು ಕಂಪನಿಗಳ ಸಾಫ್ಟ್‌ವೇರ್ ಇದ್ದವು. ಅವಳನ್ನು ನಂಬಿ ಕೊಟ್ಟಿದ್ದು.

"ಏನದು?"

"ಒಂದು ಕಾಪಿ ತಗೊಂಡೆ. ನಿಮ್ಮನ್ನ ಕೇಳಬೇಕಿತ್ತು. ತಪ್ಪಾಯ್ತು."

"ಯಾಕೆ ತಗೊಂಡ್ರಿ?"

ಅವನು ಚೀಲದ ಜಿಪ್ ಎಳೆದುಕೊಂಡ. ಕಾರಣ ಇದ್ದವನ ಮೌನ ಮತ್ತು ಕಾರಣ ಇಲ್ಲದವನ ಮೌನ ನೋಡಲು ಒಂದೇ ಥರ ಇರುತ್ತವೆ.

ಹಾಗಾದರೆ ಏಳು ವಾರ ಇದಕ್ಕೇನಾ... ಫ್ಲಾಸ್ಕು, ಬೆಂಚು, ದೊಡ್ಡಮ್ಮನ ಮಾತಿಗೆ ಆ ನಗು, ಎಲ್ಲ ಇದಕ್ಕಾ?

ಇನ್ನು ಬರಬೇಡಿ ಎಂದಳು. ಧ್ವನಿ ಏರಿಸಲಿಲ್ಲ. ಅವನು ಹೋದ ಮೇಲೆ ಬೆಂಚನ್ನು ಗೋಡೆಯ ಬದಿಗೆ ತಳ್ಳಿದಳು.

* * *

ಮುಂದಿನ ಗುರುವಾರ ದೊಡ್ಡಮ್ಮ ಬಂದವಳೇ ಪೆಟ್ಟಿಗೆಯವನು ಎಲ್ಲಿ ಎಂದಳು. ಅವಳು ನಡೆದದ್ದು ಹೇಳಿದಳು. ಕಳ್ಳ ಎಂಬ ಪದ ಬಳಸಿದಳು.

"ಕಳ್ಳ ಅಂತೆ. ನಾನೇ ಕಣೇ ತಗೋ ಅಂದಿದ್ದು. ಅಳಿಸಿಹೋದ ಫೋಟೋ ಹುಡುಕಿ ತೆಗೀಬಹುದು ಅಂದ. ನನ್ನ ಫೋಟೋ, ನಾನು ಹ್ಞೂಂ ಅಂದೆ."

"ನನಗೆ ಯಾಕೆ ಹೇಳಲಿಲ್ಲ?"

"ಅದು ಅವನನ್ನ ಕೇಳು. ನಿಂಗೆ ಹೇಳಬೇಡಿ ಅಂದಿದ್ದ. ಸಿಕ್ಕಮೇಲೆ ಒಟ್ಟಿಗೆ ಕೊಡ್ತಾನೇನೋ ಅಂದ್ಕೊಂಡೆ." ದೊಡ್ಡಮ್ಮ ಪರದೆಯ ಮೂಲೆಗೆ ಬೆರಳು ತೋರಿಸಿದಳು. "ಆ ಪೊರಕೆ ಎಷ್ಟು ದಿನದಿಂದ ಇಲ್ಲಿದೆ ಅಂತಾನೂ ಕೇಳ್ತಿದ್ದ."

ಮೂಲೆಯಲ್ಲಿ ಹಳದಿ ಪೊರಕೆಯ ಒಂದು ಚಿಕ್ಕ ಚಿತ್ರ. ಎಂಟು ತಿಂಗಳ ಹಿಂದೆ ಅವಳೇ ಪರೀಕ್ಷಿಸಿ ಏಳು ಅಂಕ ಕೊಟ್ಟ, ಕಂಪ್ಯೂಟರಿನ ಕಸ ಗುಡಿಸುವ ಸಾಫ್ಟ್‌ವೇರ್. ಅದು ಈಗ ಅಲ್ಲಿ ಇರಲೇಬಾರದಿತ್ತು.

ಪ್ರತಿ ಪರೀಕ್ಷೆಗೆ ಮುಂಚೆ ಕಂಪ್ಯೂಟರಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದರಂತೆ ಮಾಡಬೇಕು. ಅದು ಅವಳೇ ಮಾಡಿದ ನಿಯಮ. ಆದರೆ ಎಂಟು ತಿಂಗಳ ಹಿಂದೆ ದೊಡ್ಡಮ್ಮನ ಕಣ್ಣಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಅವಳಿಗಾಗಿ ಅಕ್ಷರ ದೊಡ್ಡದು ಮಾಡಿ, ಬಣ್ಣ ಬದಲಿಸಿ, ಚಿತ್ರಗಳನ್ನು ಅವಳ ಕೈಗೆ ಸಿಗುವ ಕಡೆ ಸರಿಸಿ ಒಂದು ಇಡೀ ದಿನ ಕೂತಿದ್ದಳು. ಅಳಿಸಿದರೆ ಅದೆಲ್ಲ ಹೋಗುತ್ತಿತ್ತು, ದೊಡ್ಡಮ್ಮ ಮತ್ತೆ ತಡಕಾಡಬೇಕಿತ್ತು. ಒಂದು ತಿಂಗಳು ಬಿಟ್ಟಳು. ಆಮೇಲೆ ಬಿಡುವುದೇ ರೂಢಿಯಾಯಿತು. ಫೋಟೋಗಳನ್ನು ದೊಡ್ಡಪ್ಪನ ಕ್ಯಾಮೆರಾದಿಂದ ಅದಕ್ಕೇ ತುಂಬಿಸಿ, ಕ್ಯಾಮೆರಾದ ಕಾರ್ಡನ್ನು ಖಾಲಿಯೂ ಮಾಡಿದ್ದಳು. ಎಲ್ಲದಕ್ಕೂ ಎರಡು ಕಾಪಿ ಇಡಿ ಎಂದು ಓದುಗರಿಗೆ ಉಪದೇಶ ಮಾಡುತ್ತಿದ್ದವಳು.

ಮೂರೂವರೆಗೆ ಪೊರಕೆ ತಾನಾಗಿ ಅಲ್ಲಾಡಿತು. ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರ: ಒಂದೇ ಥರದ ಎರಡು ಚಿತ್ರಗಳನ್ನು ತೆಗೆದುಹಾಕಲಾಗಿದೆ. ದೊಡ್ಡಮ್ಮನ ಕಣ್ಣಿಗೆ ಆ ಬೂದು ಕಾಣುತ್ತಿರಲಿಲ್ಲ. ಅವಳೋ ಯಾವತ್ತೂ ಪರದೆ ನೋಡುತ್ತಿರಲಿಲ್ಲ, ದೊಡ್ಡಮ್ಮನ ಮುಖ ನೋಡುತ್ತಿದ್ದಳು. ಆಮೇಲೆ... ಬೆಂಚಿನ ಪಕ್ಕದವನನ್ನು.

ಒಂದೇ ಥರದ ಚಿತ್ರಗಳು. ಮೊದಲೆರಡನ್ನು ಉಳಿಸಿಕೊಂಡು, ನಕ್ಕಿದ್ದ ಮೂರನೆಯದನ್ನು ಗುಡಿಸಿಹಾಕಿತ್ತು. ಫೋಟೋ ಪೆಟ್ಟಿಗೆ ಒಂದನ್ನೂ ಕಳೆದಿರಲಿಲ್ಲ.

ಅವಳು ಎದ್ದು ಹೋಗಿ ಮುಖ ತೊಳೆದುಕೊಂಡಳು.

* * *

ಸಂಪಾದಕರು ಒಳ್ಳೆಯವರು. ಕೊನೆಯ ಪುಟದಲ್ಲಿ ಎರಡು ಸಾಲಿನ ತಿದ್ದುಪಡಿ ಹಾಕೋಣ, ಯಾರೂ ಓದುವುದಿಲ್ಲ ಎಂದರು. ಯಾರೂ ಓದುವುದಿಲ್ಲ ಎಂಬುದೇ ತೊಂದರೆ ಎಂದಳು ಅವಳು. ತನ್ನ ಅಂಕಣದಲ್ಲೇ, ಮೊದಲ ಸಾಲಿನಲ್ಲೇ ಬರೆಯುತ್ತೇನೆ ಎಂದಳು.

"ಒಂದು ತಪ್ಪು ಒಪ್ಕೊಂಡ್ರೆ ಎಂಟು ತಿಂಗಳ ಎಲ್ಲ ಅಂಕನೂ ಅನುಮಾನ ಆಗುತ್ತೆ. ಆಮೇಲೆ ಅಂಕಣ ನಿನ್ನ ಕೈಲಿ ಇಡೋಕ್ಕಾಗಲ್ಲ. ಯೋಚನೆ ಮಾಡು ಮಗಳೇ."

"ಅನುಮಾನ ಪಡಲೇಬೇಕು ಸರ್. ಆ ಕಂಪ್ಯೂಟರ್ ಶುದ್ಧ ಇರಲಿಲ್ಲ."

ಬರೆದಳು. ಫೋಟೋ ಪೆಟ್ಟಿಗೆಯ ತಪ್ಪಿಲ್ಲ, ಪರೀಕ್ಷೆ ಮಾಡಿದವಳದು ಎಂದು ಶುರುಮಾಡಿದಳು. ಕಣ್ಣಿನ ಶಸ್ತ್ರಚಿಕಿತ್ಸೆಯ ವಿಷಯ ಬರೆಯಲಿಲ್ಲ. ಬರೆದರೆ ಜನ ಕ್ಷಮಿಸಿಬಿಡುತ್ತಾರೆ, ಅಂಕ ಮಾತ್ರ ತಪ್ಪಾಗಿಯೇ ಇರುತ್ತದೆ.

ಅಚ್ಚಾದ ಪ್ರತಿ ಹಿಡಿದು ಅವನ ವಿಳಾಸ ಹುಡುಕಿ ಹೊರಟಳು. ಸೈಕಲ್ ರಿಪೇರಿ ಅಂಗಡಿಯ ಮೇಲೆ ಒಂದು ಕೋಣೆ. ಬಾಗಿಲು ತೆರೆದೇ ಇತ್ತು, ಮಧ್ಯಾಹ್ನದ ಬಿಸಿಲು ಮೇಜಿನ ಕಾಲಿನವರೆಗೆ ಬಂದಿತ್ತು. ಎರಡು ಕುರ್ಚಿ. ಒಂದರ ಮೇಲೆ ಒಗೆದ ಬಟ್ಟೆ. ಅವನು ಬಟ್ಟೆಯನ್ನೆತ್ತಿ ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡ.

ಅವಳು ಪತ್ರಿಕೆ ಕೊಟ್ಟಳು. ಅವನು ನಿಂತೇ ಪೂರ್ತಿ ಓದಿದ.

"ಇಷ್ಟೆಲ್ಲ ಬರೀಬೇಕಿರಲಿಲ್ಲ," ಎಂದ.

"ನಿಮಗೆ ಮೊದಲ ದಿನವೇ ಗೊತ್ತಾಗಿತ್ತು."

"ಅನುಮಾನ ಬಂತು. ನನ್ನ ಸಾಫ್ಟ್‌ವೇರಿಗೆ ಅಳಿಸೋ ಶಕ್ತಿನೇ ಕೊಟ್ಟಿಲ್ಲ ನಾನು. ಬರೀ ಮೂರನೇ ಫೋಟೋ ಹೋಗಿದೆ ಅಂದ್ರೆ ಯಾವುದೋ ಒಂದು ಆರಿಸಿ ತೆಗೀತಿದೆ ಅಂತ ಆಯ್ತಲ್ಲ."

"ಮತ್ತೆ ಯಾಕೆ ಹೇಳಲಿಲ್ಲ? ನಿಮ್ಮ ಗಿರಾಕಿಗಳು ಬಿಟ್ಟುಹೋಗ್ತಿದ್ರು."

ಅವನು ಬಟ್ಟೆಯ ಗಂಟನ್ನು ಕೊನೆಗೂ ಕಿಟಕಿಯ ಕಟ್ಟೆಯ ಮೇಲಿಟ್ಟ.

"ಹೇಳಿದ್ರೆ ನಾನು ಗೆದ್ದು ಮನೆಗೆ ಹೋಗಬೇಕಿತ್ತು. ಮತ್ತೆ ಗುರುವಾರ ಬರೋಕೆ ಏನು ನೆಪ ಇರ್ತಿತ್ತು? ಆಮೇಲೆ ನಿಮ್ಮ ಕೆಲಸಕ್ಕೆ ತೊಂದರೆ ಅಂತಾನೂ ಗೊತ್ತಾಯ್ತು. ಫೋಟೋ ಸಿಕ್ಕಿಬಿಟ್ರೆ ಯಾರಿಗೂ ಏನೂ ಹೇಳಬೇಕಾಗಲ್ಲ ಅಂದ್ಕೊಂಡೆ." ತಾನೇ ಸೇರಿಸಿದ. "ಪೆದ್ದುತನ."

ಪೆದ್ದುತನವೇ ಎಂದು ಅವಳಿಗೂ ಅನಿಸಿತು. ಸುಮ್ಮನಿದ್ದು ಎರಡು ತಿಂಗಳು ಅವಳ ಓದುಗರಿಗೂ ಸುಳ್ಳು ಅಂಕ ಓದಿಸಿದ್ದ. ಅದನ್ನು ಹೇಳಿಯೂ ಹೇಳಿದಳು. ಅವನು ಹೌದು ಎಂದ. ವಾದ ಮಾಡಲಿಲ್ಲ.

ಹನ್ನೆರಡು ಸಿಕ್ಕಿವೆ ಎಂದು ತೋರಿಸಿದ. ಪರದೆಯ ಮೇಲೆ ಹನ್ನೆರಡು ದೊಡ್ಡಮ್ಮಂದಿರು ನಗುತ್ತಿದ್ದರು. ಉಳಿದವು ಸಿಗುವುದಿಲ್ಲ ಎಂದ. ಅವಳ ಕಣ್ಣು ತುಂಬಿತು. ಅವನು ನೋಡಿದ್ದನ್ನು ತೋರಿಸಿಕೊಳ್ಳಲಿಲ್ಲ.

ಪೆಟ್ಟಿಗೆಯ ಹೊಸ ಆವೃತ್ತಿ ಸಿದ್ಧವಾಗಿದೆ, ಹೊಸ ಪರೀಕ್ಷೆಗೆ ಯಾವಾಗ ತರಲಿ ಎಂದು ಕೇಳಿದ. ಮಾತು ಬದಲಿಸಲು.

"ನಾನು ಅದಕ್ಕೆ ಅಂಕ ಕೊಡೋ ಹಾಗಿಲ್ಲ. ಅಂಕಣ ಈಗ ಬೇರೆಯವರದು."

"ಮುಂದೆ ನಿಮಗೇ ವಾಪಸ್ ಬಂದ್ರೆ?"

"ಆಗಲೂ ಕೊಡೋ ಹಾಗಿಲ್ಲ. ಮನೆಯವರು ಮಾಡಿದ್ದಕ್ಕೆ ಅಂಕ ಕೊಡಬಾರದು ಅಂತ ನಿಯಮ ಇದೆ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕೆಳಗೆ ಯಾರೋ ಸೈಕಲ್ಲಿನ ಚಕ್ರ ತಿರುಗಿಸಿ ನೋಡುತ್ತಿದ್ದರು.

"ಆ ನಿಯಮ ಯಾರು ಮಾಡಿದ್ದು?"

"ಈಗ ತಾನೇ ನಾನೇ ಮಾಡಿದ್ದು."

"ಪಾಲಿಸ್ತೀರಾ ಆದ್ರೂ?"

"ಇದನ್ನ ಪಾಲಿಸ್ತೀನಿ," ಎಂದಳು. ಖಾಲಿಯಾದ ಕುರ್ಚಿಯನ್ನು ಅವನ ಕುರ್ಚಿಯ ಪಕ್ಕಕ್ಕೆ ಎಳೆದುಕೊಂಡು ಕೂತಳು.

ಆ ಸಂಚಿಕೆಯ ನಂತರ ಪತ್ರಿಕೆ ಬಿಟ್ಟ ಓದುಗರು ಮುನ್ನೂರ ಹನ್ನೆರಡು. ರದ್ದಾದ ವಿಮರ್ಶೆಗಳು ಹನ್ನೊಂದು. ಕೈತಪ್ಪಿದ ಅಂಕಣ, ಒಂದು.