ಮದುವೆ ದಿನದ ಊಟ

2016ರ ಫೆಬ್ರವರಿ 18, ಗುರುವಾರ. ಸಂಜೆ ಆರೂವರೆಗೆ ಹೆಬ್ಬಾಳದ ಠಾಣೆಗೆ ಒಂದು ದೂರು ಬಂತು. ಕೊಟ್ಟವನು ಕೆರೆ ದಂಡೆಯಲ್ಲಿರುವ ‘ಲಾ ಬರ್ಕಾ’ ಎಂಬ ಸ್ಪ್ಯಾನಿಷ್ ಹೋಟೆಲಿನ ಮ್ಯಾನೇಜರ್ ಬಸವಕಿರಣ. ಅವನ ಹೋಟೆಲಿನ ವೇಟರ್ ಗಯಾಸ್ ಡ್ಯೂಟಿಗೆ ಬಂದು ಹಿಂದಿನ ಓಣಿಯಲ್ಲಿ ಬೈಕ್ ನಿಲ್ಲಿಸಿದ್ದಾಗ ಯಾರೋ ಕಬ್ಬಿಣದ ಸಾಮಾನಿನಿಂದ ಹೊಡೆದು ಓಡಿಹೋಗಿದ್ದರು. ದವಡೆ ಮುರಿದಿತ್ತು. ತಲೆಗೂ ಪೆಟ್ಟು ಬಿದ್ದಿತ್ತು.

ಇನ್‌ಸ್ಪೆಕ್ಟರ್ ಫಕೀರಪ್ಪ ಎಫ್‌ಐಆರ್ ದಾಖಲಿಸಿಕೊಂಡು, ಕಾನ್‌ಸ್ಟೇಬಲ್ ರಾಣಿಯನ್ನು ಕರೆದುಕೊಂಡು ಸ್ಥಳಕ್ಕೆ ಹೋದರು. ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ನೆಲದ ಮೇಲೆ ರಕ್ತ, ಒಂದು ಕಾಲಿನ ಶೂ. ಗಯಾಸನ ಪರ್ಸು, ಮೊಬೈಲು ಜೇಬಿನಲ್ಲೇ ಇದ್ದವೆಂದು ಆಸ್ಪತ್ರೆಗೆ ಸಾಗಿಸಿದವರು ಹೇಳಿದರು. ದರೋಡೆಯಲ್ಲ ಎಂಬುದು ಅಲ್ಲಿಗೆ ಖಚಿತವಾಯಿತು. ಆ ಓಣಿಯಲ್ಲಿ ಕ್ಯಾಮೆರಾ ಇರಲಿಲ್ಲ.

ಆಸ್ಪತ್ರೆಯಲ್ಲಿ ಗಯಾಸನ ತಾಯಿ ಬದರುನ್ನೀಸಾ ವಾರ್ಡಿನ ಹೊರಗೆ ಕೂತಿದ್ದಳು.

“ಯಾರ ಜೊತೆಗಾದ್ರೂ ಜಗಳ ಇತ್ತೇನಮ್ಮ?” ಫಕೀರಪ್ಪ ಕೇಳಿದರು.

“ಇಲ್ಲ ಸಾರ್. ಜಗಳ ಆಡೋ ಹುಡುಗ ಅಲ್ಲ ಅವನು.”

ಗಾಯಾಳು ಹೇಳಿಕೆ ಕೊಡುವ ಸ್ಥಿತಿಯಲ್ಲಿಲ್ಲ ಎಂದು ವೈದ್ಯರು ಬರೆದುಕೊಟ್ಟರು. ಮೂಳೆ ಮುರಿದಿದ್ದರಿಂದ ಪ್ರಕರಣಕ್ಕೆ ಅಪಾಯಕಾರಿ ಆಯುಧದಿಂದ ತೀವ್ರ ಗಾಯಗೊಳಿಸಿದ ಕಲಂ, ಐಪಿಸಿ 326 ಸೇರಿತು.

ಮರುದಿನ ಬೆಳಿಗ್ಗೆ ಓಣಿಯ ಬಾಯಲ್ಲಿ ಸೊಪ್ಪು ಮಾರುವ ಸೊಣ್ಣಮ್ಮನನ್ನು ರಾಣಿ ಮಾತಾಡಿಸಿದಳು.

“ಒಂದು ಬಿಳೀ ಕಾರು ಇಂದ್ಕಿಂದ್ಕೆ ಬಂತು ಕಣವ್ವ, ಬಿರ್ರನೆ. ನನ್ ಸೊಪ್ಪಿನ ಮ್ಯಾಲೇ ಅತ್ತಿಸ್ಬಿಡ್ತಿದ್ದ.”

“ನಂಬರ್ ನೋಡಿದ್ಯಾ ಅಜ್ಜಿ?”

“ಓದಕ್ಕೆ ಎಲ್ಲಿ ಬತ್ತದೆ. ಕಾರಿನ ತಲೆ ಮ್ಯಾಲೆ ಬೋಲ್ಡಿತ್ತು. ನನ್ ಮೊಮ್ಮಗಳು ಕಾರು ಕಲಿಯಕ್ಕೆ ಓಯ್ತಾಳಲ್ಲ, ಅಂತಾದ್ದು.”

ಡ್ರೈವಿಂಗ್ ಸ್ಕೂಲಿನ ಕಾರು. ಉತ್ತರ ಬೆಂಗಳೂರಿನಲ್ಲಿ ಅಂಥವು ನೂರಾರು. ಫಕೀರಪ್ಪ ಬಸವಕಿರಣನನ್ನು ಮತ್ತೆ ಕರೆಸಿದರು.

“ಗಯಾಸನ್ನ ಯಾರಾದ್ರೂ ಕೇಳ್ಕೊಂಡು ಬಂದಿದ್ರಾ?”

“ಬಂದಿರ್ಲಿಲ್ಲ ಸಾರ್. ಮೊನ್ನೆ ಒಬ್ರು ಲೇಡಿ ಫೋನ್ ಮಾಡಿದ್ರು. ಮದುವೆ ದಿನ ನಮಗೆ ಬಡಿಸಿದ ಹುಡುಗ ಯಾವಾಗ ಸಿಗ್ತಾನೆ ಅಂತ. ಅದು ಗಯಾಸ್, ಭಾನುವಾರ ಬನ್ನಿ ಅಂದೆ.”

ಆ ನಂಬರು ಬ್ಯಾಟರಾಯನಪುರದ ರಾಧಾಮಣಿ ಎಂಬುವರದು. ಗಂಡ ಬಾಲರಾಜ್. ಡ್ರೈವಿಂಗ್ ಸ್ಕೂಲ್ ಮಾಲೀಕ.

ರಾಣಿ ಸಮವಸ್ತ್ರವಿಲ್ಲದೆ ಅವರ ಮನೆಗೆ ಹೋದಳು. ಹಗಲಲ್ಲೂ ಕಿಟಕಿ ಮುಚ್ಚಿತ್ತು. ರಾಧಾಮಣಿಗೆ ನಲವತ್ತೈದರ ಆಸುಪಾಸು. ಬೀದಿಯ ಭಜನಾ ಮಂಡಳಿ ಕಟ್ಟಿದವರು, ಹತ್ತು ವರ್ಷದಿಂದ ಅದನ್ನು ನಡೆಸುತ್ತಿದ್ದವರು. ಪೊಲೀಸ್ ಎಂದ ಕೂಡಲೇ ಕುರ್ಚಿಯ ಕೈ ಹಿಡಿದುಕೊಂಡರು.

“ಆ ವಿಡಿಯೋ ನಿಮಗೂ ಬಂತಾ?”

“ಯಾವ ವಿಡಿಯೋ ಅಕ್ಕ?”

ಆಮೇಲೆ ನಿಧಾನಕ್ಕೆ ಹೇಳಿದರು. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿತೆಂದು ಹದಿನೈದು ದಿನದ ಹಿಂದೆ ಗಂಡ ಆ ಹೋಟೆಲಿಗೆ ಕರೆದುಕೊಂಡು ಹೋಗಿದ್ದರು. ಇಷ್ಟಿಷ್ಟೇ ತಟ್ಟೆಯಲ್ಲಿ ಆಲೂಗಡ್ಡೆ, ಬದನೆಕಾಯಿ. ಹೊರಗೆ ಕೆರೆ ನೀರಿನ ಮೇಲೆ ದೀಪ. ಜೊತೆಗೆ ಹಣ್ಣಿನ ಹೋಳು ತೇಲುತ್ತಿದ್ದ ಕೆಂಪು ಜ್ಯೂಸು. ಸಿಹಿಯಾಗಿತ್ತು, ಮೂರು ಲೋಟ ಕುಡಿದರು. ತಲೆ ತಿರುಗಿತು. ಎದ್ದು ನಿಂತು ದೇವರನಾಮ ಹಾಡಿದರಂತೆ, ಸೆರಗು ಜಾರಿದ್ದೂ ತಿಳಿಯಲಿಲ್ಲವಂತೆ. ಮೂರು ದಿನದಲ್ಲಿ ಅದು ಬೀದಿಯ ಎಲ್ಲರ ಮೊಬೈಲಿನಲ್ಲಿತ್ತು.

“ಅದರಲ್ಲಿ ವೈನ್ ಇತ್ತಂತೆ. ಆ ಹುಡುಗ ಹೇಳ್ದೆ ಕೇಳ್ದೆ ಕೊಟ್ಟ, ಅವನೇ ವಿಡಿಯೋ ಮಾಡ್ದ ಅಂದ್ರು ನಮ್ಮನೆಯವ್ರು. ದೇವಸ್ಥಾನಕ್ಕೆ ಹೋಗಿ ಎಷ್ಟು ದಿನ ಆಯ್ತೋ. ಯಾವ ಮುಖ ಇಟ್ಕೊಂಡು ಹೋಗ್ಲಿ?”

“ಅದಕ್ಕೆ ಹೋಟೆಲಿಗೆ ಫೋನ್ ಮಾಡಿದ್ರಾ?”

“ಬೈಯಕ್ಕಲ್ಲಮ್ಮ. ಮುಖ ನೋಡಿ ಒಂದು ಮಾತು ಕೇಳ್ಬೇಕಿತ್ತು. ನಿನ್ ತಾಯಿ ವಯಸ್ಸಿನೋಳಿಗೆ ಯಾಕಪ್ಪ ಹಂಗ್ ಮಾಡ್ದೆ ಅಂತ. ಭಾನುವಾರ ಹೋಗೋಣ ಅಂತ ಇವ್ರಿಗೂ ಹೇಳಿದ್ದೆ.”

ಗಯಾಸ್ ಆಸ್ಪತ್ರೆಯಲ್ಲಿರುವುದು ಅವರಿಗೆ ಗೊತ್ತಿರಲಿಲ್ಲ. ರಾಣಿ ಅದನ್ನು ಹೇಳಲಿಲ್ಲ.

ಹೋಟೆಲಿನ ಒಳಗಿನ ಕ್ಯಾಮೆರಾದಲ್ಲಿ ಆ ರಾತ್ರಿಯ ದೃಶ್ಯ ಉಳಿದಿತ್ತು. ಫಕೀರಪ್ಪ ಎರಡು ಸಲ ನೋಡಿದರು. ರಾಧಾಮಣಿ ಕೈತೊಳೆಯಲು ಹೋಗಿದ್ದಾಗ ಗಯಾಸ್ ಜಗ್ ಇಟ್ಟು, ಬಗ್ಗಿ ಬಾಲರಾಜನಿಗೆ ಏನೋ ಹೇಳುತ್ತಾನೆ. ಬಾಲರಾಜ್ ನಕ್ಕು, ಹೋಗು ಎಂಬಂತೆ ಕೈ ಬೀಸುತ್ತಾನೆ. ಹೆಂಡತಿ ಹಾಡಲು ಎದ್ದಾಗ ಅವಳೆದುರು ಮೊಬೈಲು ಹಿಡಿದವನೂ ಬಾಲರಾಜನೇ. ಗಯಾಸ್ ಓಡಿ ಬಂದು ಆಕೆಯನ್ನು ಹಿಡಿದು ಕುರ್ಚಿಯಲ್ಲಿ ಕೂರಿಸುತ್ತಾನೆ.

ಸಂಜೆ ನಾಲ್ಕಕ್ಕೆ ಬಾಲರಾಜನನ್ನು ಠಾಣೆಗೆ ಕರೆತಂದರು.

“ಗುರುವಾರ ಸಂಜೆ ಎಲ್ಲಿದ್ರಿ?”

“ಕ್ಲಾಸಲ್ಲಿ, ಸಾರ್.”

“ನಿಮ್ಮ ಹುಡುಗ್ರು ಇಲ್ಲ ಅಂತಾರೆ. ಕಾರು ತಗೊಂಡು ಒಬ್ರೇ ಹೋದ್ರಂತೆ.”

ಫಕೀರಪ್ಪ ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದರು. ದೃಶ್ಯ ಪೂರ್ತಿ ಓಡಿತು. ಅರ್ಧಕ್ಕೇ ಅವನು ಕಣ್ಣು ಕೆಳಗೆ ಮಾಡಿದ್ದ.

“ಬಗ್ಗಿ ಏನಂದ ಅವನು?”

“ಇದ್ರಲ್ಲಿ ವೈನ್ ಇದೆ, ಅಮ್ಮಾವ್ರಿಗೆ ಹೇಳಿದೀರಾ ಸಾರ್, ಅಂದ.”

“ನೀವು?”

“ಹೇಳ್ಬೇಡ, ತಮಾಷೆ ನೋಡು ಅಂದೆ.” ತಾನಾಗಿಯೇ ಮುಂದುವರಿಸಿದ. “ಯಾವಾಗ್ಲೂ ಭಜನೆ, ಮಡಿ ಅಂತಾಳೆ. ಒಂದ್ ದಿನ ನಗೋಣ ಅಂತ. ಫ್ರೆಂಡ್ಸ್ ಗ್ರೂಪಿಗಷ್ಟೇ ಹಾಕ್ದೆ. ಅಲ್ಲಿಂದ ಹೆಂಗ್ ಹೋಯ್ತೋ ಗೊತ್ತಿಲ್ಲ. ಅವಳು ಅಳೋದು ನೋಡಿ ಬಾಯಿಗೆ ಬಂದಿದ್ದು ಆ ಹುಡುಗನ ಹೆಸ್ರು.”

“ಹೊಡೆದಿದ್ದು ಯಾಕೆ?”

“ಹೊಡೆಯಕ್ಕೆ ಹೋಗಿರ್ಲಿಲ್ಲ ಸಾರ್. ಭಾನುವಾರ ಅವಳು ಬಂದು ಕೇಳಿದ್ರೆ ನಾನೇ ಮಾಡ್ದೆ ಅಂತ ಒಪ್ಕೋ, ಕೈ ಮುಗೀತೀನಿ ಅಂದೆ. ಅವನು, ‘ಅಮ್ಮಾವ್ರ ಹತ್ರ ಸುಳ್ಳು ಹೇಳಕ್ಕಾಗಲ್ಲ ಸಾರ್, ನೀವೇ ಹೇಳ್ಬಿಡಿ’ ಅಂದ. ಮೆತ್ತಗೇ ಅಂದ. ಅದು ತಡ್ಕೊಳಕ್ಕಾಗ್ಲಿಲ್ಲ. ಕಾರಲ್ಲಿ ವ್ಹೀಲ್ ಸ್ಪಾನರ್ ಇತ್ತು.”

ಡ್ರೈವಿಂಗ್ ಸ್ಕೂಲಿನ ಹಿಂದೆ ಅವನು ತೋರಿಸಿದ ಶೆಡ್ಡಿನಿಂದ ಸ್ಪಾನರ್ ವಶಪಡಿಸಿಕೊಂಡು ಪಂಚನಾಮೆ ಮಾಡಲಾಯಿತು. ಅದೇ ಸಂಜೆ ಬಂಧನವಾಯಿತು. ಹೇಳಿಕೆಗೆ ಸಹಿ ಮಾಡುವ ಮೊದಲು ಬಾಲರಾಜ್ ಕೇಳಿದ:

“ವಿಡಿಯೋ ವಿಷಯ ಬರೀಲೇಬೇಕಾ ಸಾರ್? ಹೊಡೆದಿದ್ದು ಬರ್ಕೊಳ್ಳಿ, ಜೈಲಿಗೆ ಹೋಗ್ತೀನಿ. ಅದೊಂದು ಬಿಟ್ಬಿಡಿ.”

“ಅದನ್ನ ಬಿಟ್ರೆ ಯಾಕ್ ಹೊಡೆದ್ರಿ ಅಂತ ಬರೀಲಿ?”

ಬಾಲರಾಜ್ ಪೆನ್ನು ತೆಗೆದುಕೊಂಡು ಸಹಿ ಹಾಕಿದ.

ಬಂಧನದ ವಿಷಯ ಮನೆಯವರಿಗೆ ತಿಳಿಸಬೇಕಿತ್ತು. ರಾಧಾಮಣಿ ಠಾಣೆಗೆ ಬಂದರು. ರಾಣಿ ಹೊರಗಿನ ಬೆಂಚಿನ ಮೇಲೆ ಕೂರಿಸಿ, ನಡೆದದ್ದನ್ನೆಲ್ಲ ಹೇಳಿದಳು. ಆಕೆ ಅಳಲಿಲ್ಲ. ಸೆರಗನ್ನು ಭುಜದ ಮೇಲೆ ಬಿಗಿಯಾಗಿ ಎಳೆದುಕೊಂಡರು. ಎಷ್ಟೋ ಹೊತ್ತು ಹಾಗೇ ಹಿಡಿದುಕೊಂಡಿದ್ದರು.

“ಒಳಗೆ ಹೋಗಿ ನೋಡ್ತೀರಾ ಅಕ್ಕ?”

“ಬೇಡ. ಆ ಹುಡುಗನಿಗೆ ಮಾತು ಬರುತ್ತಾ?”

“ಬರುತ್ತಂತೆ. ಸ್ವಲ್ಪ ದಿನ ಬೇಕು.”

“ತಾಯಿ ಇದಾರಾ ಜೊತೆಗೆ?”

“ಇದಾರೆ.”

ರಾಧಾಮಣಿ ಎದ್ದರು. ಮೆಟ್ಟಿಲು ಇಳಿಯುವಾಗ ನಿಂತು ಕೇಳಿದರು:

“ನಾನ್ ಯಾರು ಅಂತ ಹೇಳ್ಕೊಂಡು ಹೋಗ್ಲಮ್ಮ ಆ ತಾಯಿ ಹತ್ರ?”

ರಾಣಿ ಆಸ್ಪತ್ರೆಯ ಹೆಸರು, ವಾರ್ಡು ಹೇಳಿ, ಆಟೋ ನಿಲ್ಲಿಸಲು ರಸ್ತೆಗೆ ಇಳಿದಳು.