ಏರಿಯ ಬುಡದ ಪುಣ್ಯದ ನೀರು

"ಇನ್ನೊಂದು ಲೋಟ ಕುಡೀರಿ ಅಜ್ಜಿ, ನಾಳೆಯಿಂದ ಕುದುರೆ ಥರ ಓಡ್ತೀರಾ!" ಎಂದು ಪಕ್ಕದ ಮನೆಯ ಕಾಲಿಮಾನ್ ಚಿಕ್ಕಮ್ಮ ಲೋಟ ಚಾಚಿದಳು.

ಬುಗ್ಗೆಯ ಪಕ್ಕ ಕೂತಿದ್ದ ಮೊಣಕಾಲು ನೋವಿನ ಬುರುಲ್ ಅಜ್ಜಿ ಕಣ್ಣು ಮುಚ್ಚಿ ಗಟಗಟ ಕುಡಿದರು. ಮೊಮ್ಮಗಳು ಜಿಪಾರ್ ಖಾಲಿ ಲೋಟದೊಳಗೆ ಇಣುಕಿದಳು. ತಳದಲ್ಲಿ ಹಳದಿ ಮಣ್ಣು ಕೂತಿತ್ತು.

"ಚಿಕ್ಕಮ್ಮಾ, ನೀರಲ್ಲಿ ಮಣ್ಣಿದೆ. ಮೊನ್ನೆ ಇರ್ಲಿಲ್ಲ."

"ಮಣ್ಣಲ್ಲ ಕಣೇ, ಔಷಧಿ! ಮೊನ್ನೆ ಬರೀ ನೀರಿತ್ತು, ಈಗ ಔಷಧಿನೂ ಸೇರ್ಕೊಂಡಿದೆ. ಕಂಡುಹಿಡಿದೋಳೇ ಹಿಂಗಂದ್ರೆ ಹೆಂಗೆ?"

ಹೌದು, ಈ ಬುಗ್ಗೆಯನ್ನು ಕಂಡುಹಿಡಿದವಳು ಜಿಪಾರ್. ಊರಿನ ಮೇಲೆ ಒಂದು ಪುಟ್ಟ ಕೆರೆಯಿದೆ. ಅದಕ್ಕೆ ಮಣ್ಣಿನ ಏರಿ. ಏರಿಯ ಬುಡದಲ್ಲಿ ಕರು ಮೇಯಿಸುವಾಗ ಒಂದು ಕಡೆ ನೀರು ಜಿನುಗುವುದನ್ನು ಅವಳು ನೋಡಿದ್ದಳು. ಮುಖ ತೊಳೆದು, ಒದ್ದೆಯಾದ ತಲೆವಸ್ತ್ರವನ್ನು ಪಕ್ಕದ ಪೊದೆಯ ಮೇಲೆ ಹರವಿ, ಕರುವಿನ ಹಿಂದೆ ಓಡಿದ್ದಳು. ಅಷ್ಟೇ.

ಆದರೆ ಆ ಊರಿನಲ್ಲಿ ನೀರಿನ ಪಕ್ಕದ ಪೊದೆಯಲ್ಲಿ ಬಟ್ಟೆ ಕಂಡರೆ ಮುಗಿಯಿತು, ಆಮೇಲೆ ಯಾರೂ ಏನೂ ಕೇಳುವುದಿಲ್ಲ. ಅದು ಪುಣ್ಯಸ್ಥಳ. ಮೊದಲು ಕಾಲಿಮಾನ್ ಚಿಕ್ಕಮ್ಮ ಒಂದು ಬಟ್ಟೆಚೂರು ಕಟ್ಟಿದಳು. ಸಂಜೆಯೊಳಗೆ ಪೊದೆಯಲ್ಲಿ ಎಲೆಗಿಂತ ಬಟ್ಟೆಯೇ ಹೆಚ್ಚಾಯಿತು. ಹೆಂಗಸರು ಜಿಪಾರಳ ಅಂಗೈಯನ್ನು ಕಣ್ಣಿಗೊತ್ತಿಕೊಂಡರು, ಜೇಬು ತುಂಬ ಚಾಕೊಲೇಟ್ ತುಂಬಿದರು. ಬಾಯಲ್ಲಿ ಚಾಕೊಲೇಟ್ ಇರುವಾಗ ನಿಜ ಹೇಳುವುದು ಸ್ವಲ್ಪ ಕಷ್ಟ.

ಎಲ್ಲರಿಗಿಂತ ಖುಷಿಯಾದವನು ಎಸೆನ್ ಮಾವ. ಅಜ್ಜಿಯ ಮಗನಾದ ಅವನು ಕೆರೆಯ ದಡದಲ್ಲಿ ಕುದುರೆ ಹಾಲು ಹುಳಿಸಿ ಮಾಡಿದ ಕುಮಿಸ್ ಮಾರುತ್ತಾನೆ, ಹಂಸದ ಆಕಾರದ ಪೆಡಲ್ ಬೋಟು ಬಿಡುತ್ತಾನೆ. ನೀರು ಕಡಿಮೆಯಾದರೆ ಹಂಸಗಳ ಹೊಟ್ಟೆ ಕೆಸರಿಗೆ ತಾಗುತ್ತದೆ. ಅದಕ್ಕೇ ಅವನು, ಹೆಚ್ಚಾದ ನೀರು ಹರಿದುಹೋಗುವ ಕೋಡಿಗೆ ಅಡ್ಡಲಾಗಿ ಮರಳಿನ ಮೂಟೆ ಪೇರಿಸಿದ್ದ. ಕೆರೆ ಏರಿಯ ಅಂಚಿನವರೆಗೆ ತುಂಬಿತ್ತು. 'ಇಲ್ಲಿ ಈಜಬಾರದು' ಎಂಬ ಬೋರ್ಡಿನ ಮೇಲೆ ಈಜಿ ಬಂದವರ ಟವೆಲುಗಳು ಒಣಗುತ್ತಿದ್ದವು.

"ಮೇಲೆ ಮಜಾ, ಕೆಳಗೆ ಪುಣ್ಯ! ಇಂಥ ಜಾಗ ಇನ್ನೆಲ್ಲಿದೆ?" ಎಂದು ಮಾವ ಮೈಕಿನಲ್ಲಿ ಕೂಗುತ್ತಿದ್ದ.

ಜಿಪಾರ್ ಮಾತ್ರ ಲೋಟದ ತಳದ ಮಣ್ಣನ್ನು ಮತ್ತೊಮ್ಮೆ ನೋಡಿದಳು. ಮನೆಯ ಆಲೂಗಡ್ಡೆ ಹೊಲಕ್ಕೆ ನೀರು ಬಿಟ್ಟಾಗ ಕಾಲುವೆ ಕಾಯುವುದು ಅವಳ ಕೆಲಸ. ಕಾಲುವೆಯ ಬದುವಿನಲ್ಲಿ ಇಲಿ ಬಿಲ ಮಾಡಿದರೆ ಮೊದಲು ತಿಳಿನೀರು ಜಿನುಗುತ್ತದೆ. ನೀರು ರಾಡಿಯಾದರೆ, ಅಂದರೆ ಮಣ್ಣುಮಣ್ಣಾದರೆ, ಒಳಗಿನಿಂದ ಬದು ಕರಗುತ್ತಿದೆ ಎಂದೇ ಅರ್ಥ. ಆಮೇಲೆ ಇಡೀ ಬದು ಕೊಚ್ಚಿಹೋಗಲು ಹೆಚ್ಚು ಹೊತ್ತು ಬೇಡ.

ಬಾಯಲ್ಲಿದ್ದ ಚಾಕೊಲೇಟ್ ನುಂಗಿ ಅವಳು ಜೋರಾಗಿ ಹೇಳಿದಳು: "ಇದು ಬುಗ್ಗೆ ಅಲ್ಲ. ಏರಿ ಲೀಕ್ ಆಗ್ತಿದೆ!"

ಎಲ್ಲರೂ ತಿರುಗಿ ನೋಡಿದರು. ಎಸೆನ್ ಮಾವ ಮೇಲಿನಿಂದ ಇಳಿದು ಬಂದ.

"ಓಹೋ, ಇಂಜಿನಿಯರ್ ಮೇಡಂ ಬಂದ್ರು! ಯಾರಾದ್ರೂ ಕುರ್ಚಿ ಹಾಕ್ರಪ್ಪ!"

ಎಲ್ಲರೂ ಗೊಳ್ಳೆಂದು ನಕ್ಕರು.

"ನಿಜ ಮಾವ! ಆ ಬಟ್ಟೆನೂ ಪುಣ್ಯಕ್ಕೆ ಕಟ್ಟಿದ್ದಲ್ಲ. ನಾನು ಒಣಗೋಕೆ ಹಾಕಿದ್ದು."

"ಇಲ್ಲೇ ಒಣಗೋಕೆ ಹಾಕು ಅಂತ ಬುದ್ಧಿ ಕೊಟ್ಟಿದ್ದು ಯಾರು? ದೇವರೇ ತಾನೆ?" ಎಂದು ಕಾಲಿಮಾನ್ ಚಿಕ್ಕಮ್ಮ ಗದರಿಸಿದಳು.

ಜಿಪಾರಳಿಗೆ ಅಳು ಬಂತು. ಅಜ್ಜಿಯ ಕೈ ಹಿಡಿದುಕೊಂಡಳು. "ಅಜ್ಜಿ, ಇದು ದೇವರ ನೀರಾದ್ರೆ, ಕೆರೆ ನೀರು ಇಳಿಸಿದ್ರೂ ಹರಿಯುತ್ತೆ ಅಲ್ವಾ?"

"ಹರೀದೆ ಏನು? ನಿಮ್ಮ ಮಾವನ ಕೆರೆ ಹಂಗು ದೇವರಿಗೆ ಯಾಕೆ?"

"ಹಾಗಾದ್ರೆ ಇಳಿಸಿ ನೋಡೋಣ."

ಮಾವನ ಮುಖ ಇಂಗು ತಿಂದ ಮಂಗನಂತಾಯಿತು. "ಅಮ್ಮಾ, ಭಾನುವಾರ ಸಿಟಿಯಿಂದ ಜನ ಬರ್ತಾರೆ. ಬೋಟು ತೇಲಬೇಕಲ್ಲಮ್ಮ..."

"ಏನೋ, ನಿನಗೆ ಬುಗ್ಗೆ ಮೇಲೆ ನಂಬಿಕೆ ಇಲ್ವಾ?" ಎಂದರು ಅಜ್ಜಿ.

ಅಷ್ಟು ಜನರ ಮುಂದೆ ಇಲ್ಲ ಎನ್ನುವುದು ಹೇಗೆ? ಮೈಕಿನಲ್ಲಿ ಕೂಗಿದವನೇ ಅವನು. ಕೋಡಿಯ ಮೂಟೆಗಳನ್ನು ತೆಗೆಯಲು ಭಕ್ತರೇ ಮುಂದಾದರು. ಈ ಪುಟ್ಟ ಹುಡುಗಿಯ ಸೊಕ್ಕು ಇಳಿಸಬೇಕೆಂಬ ಆಸೆಗೆ ಎಲ್ಲರ ತೋಳಿಗೂ ಎಲ್ಲಿಲ್ಲದ ಬಲ ಬಂದಿತ್ತು. ತೂಬನ್ನೂ ಎತ್ತಿದರು. ನೀರು ಕಾಲುವೆ ಹಿಡಿದು ಹೊರಟಿತು.

ಮರುದಿನ ಹಂಸಗಳು ಕೆಸರಿನಲ್ಲಿ ವಾಲಿಕೊಂಡು ಕೂತಿದ್ದವು. ಏರಿಯ ಬುಡದ ಬುಗ್ಗೆ ದಾರದಷ್ಟು ಸಣ್ಣಗಾಯಿತು, ಆಮೇಲೆ ನಿಂತೇಹೋಯಿತು. ಏರಿಯ ಒಳಮೈಯಲ್ಲಿ, ನೀರು ಇಳಿದ ಕಡೆ, ಕುರಿ ನುಗ್ಗುವಷ್ಟು ದೊಡ್ಡ ತೂತು ಬಾಯಿ ತೆರೆದಿತ್ತು.

ಎಲ್ಲರೂ ಬಗ್ಗಿ ಅದರೊಳಗೆ ಇಣುಕಿದರು.

"ನನಗೆ ಮೊದಲೇ ಡೌಟಿತ್ತು," ಎಂದಳು ಕಾಲಿಮಾನ್ ಚಿಕ್ಕಮ್ಮ. ತಾನು ಕಟ್ಟಿದ್ದ ಬಟ್ಟೆಚೂರನ್ನು ಮೆಲ್ಲಗೆ ಬಿಚ್ಚಿ ಅಂಗಿಯ ತೋಳಿನೊಳಗೆ ತುರುಕಿಕೊಂಡಳು.

"ಸರಿಯಾದ ಟೈಮಿಗೆ ನಾನು ನೀರು ಬಿಟ್ಟೆ ನೋಡಿ, ಊರು ಉಳೀತು!" ಎಂದ ಎಸೆನ್ ಮಾವ.

ಜಿಪಾರಳ ಅಂಗೈಯನ್ನು ಯಾರೂ ಕಣ್ಣಿಗೊತ್ತಿಕೊಳ್ಳಲಿಲ್ಲ. ಎದುರಿಗೆ ಸಿಕ್ಕ ಹೆಂಗಸರು, ಅವಳೇ ಬುಗ್ಗೆಯನ್ನು ಕುಡಿದು ಖಾಲಿ ಮಾಡಿದಳೇನೋ ಎಂಬಂತೆ, ಮುಖ ತಿರುಗಿಸಿಕೊಂಡು ಹೋದರು. ಅಜ್ಜಿ ಮಾತ್ರ ಪೆಚ್ಚಾಗಿ ಅಂದರು, "ಆದ್ರೂ ನೋವು ನಿಜವಾಗ್ಲೂ ಕಡಿಮೆ ಆಗಿತ್ತು ಕಣೇ." ಅದನ್ನು ಕೇಳಿ ಜಿಪಾರಳಿಗೆ ಎಲ್ಲದಕ್ಕಿಂತ ಹೆಚ್ಚು ಬೇಜಾರಾಯಿತು.

ಅವಳು ಒಬ್ಬಳೇ ಏರಿ ಹತ್ತಿದಳು. ಒಂದು ಕಡೆ ಕೆರೆ. ನಿನ್ನೆಯವರೆಗೆ ನೀರು ನಿಂತಿದ್ದ ಗುರುತು ಏರಿಯ ಮೇಲಂಚಿನಲ್ಲಿ ಇನ್ನೂ ಒದ್ದೆಯಾಗಿತ್ತು. ಇನ್ನೊಂದು ಕಡೆ ಊರು. ಜಿಪಾರ್ ಆ ಗುರುತನ್ನು ನೋಡಿದಳು, ಊರನ್ನು ನೋಡಿದಳು, ಮತ್ತೆ ಗುರುತನ್ನು ನೋಡಿದಳು. ಮನೆಗಳ ಚಿಮಣಿಗಳೂ ಅದಕ್ಕಿಂತ ಎಷ್ಟೋ ಕೆಳಗಿದ್ದವು.

ಕಾಲಿಮಾನ್ ಚಿಕ್ಕಮ್ಮನ ಅಂಗಳದಲ್ಲಿ ತೊಟ್ಟಿಲಿತ್ತು. ಚಿಕ್ಕಮ್ಮ ಮಗುವನ್ನು ತೂಗುತ್ತ, ಬೇಲಿಯಾಚೆ ಯಾರಿಗೋ ಕೈ ಬೀಸಿ ಬೀಸಿ ಏನೋ ಹೇಳುತ್ತಿದ್ದಳು. ತನ್ನನ್ನೇ ಬೈಯುತ್ತಿರಬೇಕು ಎಂದು ಜಿಪಾರಳಿಗೆ ಗೊತ್ತಾಯಿತು.

ಬೈಯಲಿ ಅನ್ನಿಸಿತು. ಮಗು ನಿದ್ದೆ ಹೋಗುವವರೆಗೂ ಅವಳು ಅಲ್ಲೇ ನಿಂತು ನೋಡಿದಳು.