ಪಾಚಿ ಕೆರೆದ ಕೈ

"ಏನ್ರೀ ಇದು ವಾಸನೆ? ಸತ್ತಿರೋದನ್ನ ಕ್ಲಿನಿಕ್ ಒಳಗೆ ತರ್ತಿದ್ದೀರಾ?"

ಬಾಗಿಲಿಗೆ ಅಡ್ಡ ನಿಂತು ಅವಳು ಅವನಿಗೆ ಆಡಿದ ಮೊದಲ ಮಾತು ಇದು. ಅವನ ಎರಡೂ ಕೈಯಲ್ಲಿ ಬಕೆಟ್ಟು, ಬಕೆಟ್ಟಿನಲ್ಲಿ ಒದ್ದೆ ಪೇಪರು ಹೊದ್ದ ಕಲ್ಲುಗಳು, ತೋಳಿನ ಮೇಲೆ ಒಣಗಿದ ಉಪ್ಪಿನ ಬಿಳಿ ಗೆರೆ.

"ಸತ್ತಿಲ್ಲ ಮೇಡಂ, ಜೀವಂತ ಕಲ್ಲು. ನೀವು ದಾರಿ ಬಿಟ್ರೆ ಹಾಗೇ ಉಳಿಯುತ್ತೆ."

ಅವಳು ದಾರಿ ಬಿಟ್ಟಳು. ಮನಸ್ಸಿನ ಬಾಗಿಲೂ ಅವತ್ತೇ ಸ್ವಲ್ಪ ಸರಿದಿತ್ತು, ಅವಳಿಗೆ ಗೊತ್ತಾಗಲಿಲ್ಲ ಅಷ್ಟೆ.

ಅವಳ ಅಕ್ಕ ಹಲ್ಲಿನ ಡಾಕ್ಟರು. ಅಕ್ಕನ ಕ್ಲಿನಿಕ್ಕಿನಲ್ಲಿ ಹಲ್ಲು ಕ್ಲೀನ್ ಮಾಡುವುದು ಅವಳ ಕೆಲಸ. ಹೆದರಿ ಕೂತ ಪೇಷಂಟುಗಳು ಮೀನು ನೋಡಿಕೊಂಡಿರಲಿ ಎಂದು ಅಕ್ಕ ಒಂದು ಉಪ್ಪುನೀರಿನ ಅಕ್ವೇರಿಯಂ ಮಾಡಿಸುತ್ತಿದ್ದರು. ಅದನ್ನು ಮಾಡುವವನಿಗೆ ಸಮುದ್ರರಾಜ ಎಂದು ಹೆಸರಿಟ್ಟವರೂ ಅವರೇ.

ಸಮುದ್ರರಾಜ ಒಂದೊಂದೇ ಕಲ್ಲನ್ನು ಗಾಜಿನ ತಳದ ಮೇಲೆ ಕೂರಿಸಿ, ಅಲುಗಾಡಿಸಿ ನೋಡಿ, ಆಮೇಲೆ ಇನ್ನೊಂದು ಇಡುತ್ತಿದ್ದ. ಹೊಸ ತೊಟ್ಟಿ ಅಂದರೆ ಬರೀ ಉಪ್ಪುನೀರು, ಮೀನಿನ ಗಲೀಜನ್ನು ಅರಗಿಸಿಕೊಳ್ಳುವ ಸೂಕ್ಷ್ಮಜೀವಿಗಳೆಲ್ಲ ಈ ಕಲ್ಲಿನ ತೂತುಗಳಲ್ಲಿವೆ, ಇವು ನೆಲೆ ನಿಂತ ಮೇಲೇ ಮೀನು ಎಂದು ವಿವರಿಸಿದ. ಆರು ವಾರ ಮನೆಯ ಡ್ರಮ್ಮಿನಲ್ಲಿಟ್ಟು ಹದ ಮಾಡಿದ ಕಲ್ಲುಗಳಂತೆ. ಎಲ್ಲಕ್ಕಿಂತ ದೊಡ್ಡದು, ತೀರಿಹೋದ ಅಪ್ಪನ ತೊಟ್ಟಿಯದು. ಹನ್ನೊಂದು ವರ್ಷದಿಂದ ಅವನು ಅದನ್ನು ಸಾಯಲು ಬಿಟ್ಟಿರಲಿಲ್ಲ.

"ಇದರ ಮೇಲಿನ ನೇರಳೆ ಬಣ್ಣ ಏನು?"

"ಪಾಚಿ."

"ಅಯ್ಯೋ, ನಮ್ಮಲ್ಲಿ ಪಾಚಿ ಅಂದ್ರೆ ಕೆರೆದು ಬಿಸಾಕೋದು."

ಅವನು ನಕ್ಕ. ಆ ಕಲ್ಲಿನದೇ ಒಂದು ಚೂರನ್ನು ಗಾಜಿನ ಜಾಡಿಗೆ ಹಾಕಿ, ಪುಟ್ಟ ಗಾಳಿ ಪಂಪು ಸಿಕ್ಕಿಸಿ ಅವಳ ಮೇಜಿನ ಮೇಲಿಟ್ಟ. ವಾರಕ್ಕೊಮ್ಮೆ ಉಪ್ಪುನೀರು ಬದಲಿಸಿ ಎಂದ. "ಪಾಚೀನೂ ಇಷ್ಟ ಆಗುತ್ತೆ ನೋಡ್ತಿರಿ."

ಪಾಚಿಯ ವಿಷಯ ಹೇಗಾದರೂ ಇರಲಿ, ಪಾಚಿಯವನು ಇಷ್ಟವಾದ. ಅವನು ನೀರು ಪರೀಕ್ಷಿಸಲು ಬರುವ ದಿನ ಅವಳು ಎರಡು ಸಲ ತಲೆ ಬಾಚಿಕೊಳ್ಳುತ್ತಿದ್ದಳು.

ಮೂರನೇ ವಾರ ಅವನು ಬೇರೆ ಊರಿನ ಕೆಲಸಕ್ಕೆ ಹೋದ. ಹೋಗುವಾಗ, ಏನೇ ಕಂಡರೂ ತೊಟ್ಟಿಗೆ ಕೈ ಹಾಕಬೇಡಿ ಎಂದಿದ್ದ. ಎರಡೇ ದಿನಕ್ಕೆ ದೊಡ್ಡ ಕಲ್ಲಿನ ಮೇಲೆ ಕಂದು ಬಣ್ಣದ ಲೋಳೆ ಹಬ್ಬಿತು. ಹೊಸ ತೊಟ್ಟಿಯಲ್ಲಿ ಅದು ಬಂದು ತಾನಾಗಿಯೇ ಹೋಗುತ್ತದೆ. ಅವಳಿಗೇನು ಗೊತ್ತು? ಹಲ್ಲಿನ ಮೇಲಿನ ಕೊಳೆಯ ಹಾಗೇ ಕಂಡಿತು.

'ಅವರು ಬರೋಷ್ಟರಲ್ಲಿ ಚೊಕ್ಕ ಮಾಡಿಟ್ಟರೆ ಎಷ್ಟು ಖುಷಿಪಡ್ತಾರೆ...'

ಊಟದ ಬಿಡುವಿನಲ್ಲಿ ಕಲ್ಲನ್ನು ಹೊರಗೆ ತೆಗೆದಳು. ಹಲ್ಲು ಕೆರೆಯುವ ಮೆಷಿನ್ನಿನಿಂದ ಸಂದುಗೊಂದು ಬಿಡದೆ ಕೆರೆದಳು. ಉಪಕರಣ ತೊಳೆಯುವ ಔಷಧದಲ್ಲಿ ಅದ್ದಿದಳು. ಕಂದು ಹೋಯಿತು, ಅದರ ಜೊತೆ ನೇರಳೆಯೂ ಹೋಯಿತು. ಆಗ ಏನೋ ತಪ್ಪಾಯಿತು ಎನಿಸಿತು. ಆದರೂ ಕಲ್ಲನ್ನು ತೊಳೆದು ತೊಟ್ಟಿಗೆ ವಾಪಸ್ ಇಟ್ಟಳು.

ಕಲ್ಲಿನ ತೂತುಗಳಲ್ಲಿ ಉಳಿದ ಔಷಧ ತೊಟ್ಟಿಗಿಳಿದು, ಮೂರನೇ ದಿನ ನೀರು ಹಾಲಿನಂತಾಗಿ ನಾರತೊಡಗಿತು. ಅವನು ಬರುವ ಹೊತ್ತಿಗೆ ಕಲ್ಲುಗಳೆಲ್ಲ ಒಂದೇ ಬೂದು ಬಣ್ಣ. ಒಂದೊಂದನ್ನೂ ಎತ್ತಿ ಮೂಸಿದ. ಅಪ್ಪನ ಕಲ್ಲನ್ನು ಕೊನೆಗೆ ಬಕೆಟ್ಟಿಗೆ ಇಳಿಸಿದ.

"ಏನಪ್ಪಾ ಇದು?" ಅಕ್ಕ ಕೇಳಿದರು.

"ಹದ ಸರಿಯಾಗಿರಲಿಲ್ಲ ಡಾಕ್ಟ್ರೇ. ನನ್ನದೇ ತಪ್ಪು."

ಮಾಸ್ಕಿನ ಹಿಂದೆ ಅವಳ ತುಟಿ ಅಲುಗಿತು. ಮುಂದಿನ ಪೇಷಂಟನ್ನು ಕರೆದಳು.

ಒಂದೇ ವಾಕ್ಯ ಸಾಕಿತ್ತು! ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಾ ಇಪ್ಪತ್ತು ದಿನ ನುಂಗಿಕೊಂಡಳು. ಜಾಡಿಯ ನೀರನ್ನು ಮಾತ್ರ ತಪ್ಪದೆ ಬದಲಿಸುತ್ತಿದ್ದಳು.

ಒಂದು ಬೆಳಿಗ್ಗೆ ಅಕ್ಕ ಹೇಳಿದರು: ಸಮುದ್ರರಾಜ ಈ ಕೆಲಸವನ್ನೇ ಬಿಡುತ್ತಾನಂತೆ, ಸೋಮವಾರದಿಂದ ಅವನ ಭಾವನ ಟೈಲ್ಸ್ ಅಂಗಡಿಗೆ. ಅಪ್ಪನ ಕಲ್ಲನ್ನೇ ಉಳಿಸಿಕೊಳ್ಳದ ಕೈ, ಇನ್ನೊಬ್ಬರ ತೊಟ್ಟಿ ಮುಟ್ಟಬಾರದು ಎಂದನಂತೆ.

"ಅಕ್ಕಾ, ಕೊಂದಿದ್ದು ನಾನು."

ಅಳುತ್ತಾ ಎಲ್ಲ ಹೇಳಿದಳು. ಅಕ್ಕ ಬೈಯಲಿಲ್ಲ. ಕೈಯಲ್ಲಿದ್ದ ಗ್ಲೌಸು ಕೆಳಗಿಟ್ಟರು.

"ಇದನ್ನ ಕೇಳಬೇಕಾದವರು ನಾನಲ್ಲ ಪುಟ್ಟಿ. ಹೋಗು. ನಿನ್ನ ಪೇಷಂಟ್ಸ್‌ನ ನಾನು ನೋಡ್ಕೋತೀನಿ."

ಜಾಡಿಯನ್ನು ಎದೆಗೊತ್ತಿಕೊಂಡು ಅವಳು ಅವನ ಮನೆಗೆ ಹೋದಳು. ಹಿತ್ತಲಲ್ಲಿ ಖಾಲಿ ಡ್ರಮ್ಮುಗಳು ಬೋರಲು ಬಿದ್ದಿದ್ದವು. ಸತ್ತ ಕಲ್ಲುಗಳು ಬಿಸಿಲಲ್ಲಿ ಬಿಳಿಚಿಕೊಂಡಿದ್ದವು. ಅವನು ಪೈಪು ಸುತ್ತುತ್ತಿದ್ದ.

"ನಿಮ್ಮ ಹದ ಸರಿಯಾಗೇ ಇತ್ತು," ಎಂದಳು ಬಾಗಿಲಲ್ಲೇ ನಿಂತು. "ನೀವಿಲ್ಲದಾಗ ನಾನು ಆ ಕಲ್ಲನ್ನ ಮೆಷಿನ್ ಹಾಕಿ ಕೆರೆದೆ. ಔಷಧದಲ್ಲಿ ಅದ್ದಿದೆ. ನಿಮಗೆ ಖುಷಿಯಾಗುತ್ತೆ ಅಂದ್ಕೊಂಡೆ..."

ಪೈಪು ಸುತ್ತುವ ಕೈ ನಿಂತಿತು.

"ಅವತ್ತೇ ಯಾಕೆ ಹೇಳಲಿಲ್ಲ?"

"ನಿಮ್ಮ ಕಣ್ಣಲ್ಲಿ ಕೆಟ್ಟವಳಾಗ್ತೀನಿ ಅಂತ ಭಯ. ನೀವಂದ್ರೆ ನನಗೆ ತುಂಬಾ ಇಷ್ಟ. ಅದಕ್ಕೇ ಬಾಯಿ ಬರಲಿಲ್ಲ. ಅದು ಇನ್ನೂ ದೊಡ್ಡ ತಪ್ಪು, ಗೊತ್ತು."

ಅವನು ಅಪ್ಪನ ಕಲ್ಲಿನ ಕಡೆ ನೋಡಿದ. "ಕಲ್ಲು ಹೋಯ್ತು ಅಂತಲ್ಲ ನನಗೆ ಕೋಪ. ಇಪ್ಪತ್ತು ದಿನ ನಾನು ನನ್ನ ಕೈಯನ್ನೇ ದ್ವೇಷಿಸಿದೆ. ನೀವು ಗೊತ್ತಿದ್ದೂ ಸುಮ್ಮನಿದ್ರಿ."

ಅವಳು ಜಾಡಿಯನ್ನು ಕಟ್ಟೆಯ ಮೇಲಿಟ್ಟು ಹೊರಡಲು ತಿರುಗಿದಳು.

"ನಿಲ್ಲಿ."

ಅವನು ಜಾಡಿಯನ್ನು ಬೆಳಕಿಗೆ ಹಿಡಿದಿದ್ದ. ಚೂರಿನ ಮೇಲೆ ನೇರಳೆ ಹಾಗೇ ಇತ್ತು, ಅಂಚಿನಲ್ಲಿ ಹೊಸದಾಗಿಯೂ ಹಬ್ಬಿತ್ತು. ಒಂದು ತೂತಿನಿಂದ ದಾರದಷ್ಟು ತೆಳ್ಳಗಿನ ಹುಳು ತಲೆ ಹೊರಹಾಕಿ, ನೋಡಿ, ಒಳಗೆ ಹೋಯಿತು.

"ಇದನ್ನ... ನೀವು ಉಳಿಸಿದ್ರಾ?"

"ದಿನಾ ನೋಡ್ತಿದ್ದೆ. ಇದಾದರೂ ಇರಲಿ ಅಂತ."

ಅವನು ಮೂಗು ಒರೆಸಿಕೊಂಡು ಒಂದು ಡ್ರಮ್ಮನ್ನು ನೆಟ್ಟಗೆ ನಿಲ್ಲಿಸಿದ. ಸತ್ತ ಕಲ್ಲುಗಳನ್ನು ತೊಳೆದು ಹೊಸ ಉಪ್ಪುನೀರಿಗೆ ಹಾಕಿ, ನೀರು ತಿಳಿಯಾದ ಮೇಲೆ ಈ ಚೂರನ್ನು ಮಧ್ಯದಲ್ಲಿಟ್ಟರೆ, ಇದರ ಜೀವ ನಿಧಾನಕ್ಕೆ ಎಲ್ಲದಕ್ಕೂ ಹರಡುತ್ತದೆ ಎಂದ. ಅಪ್ಪನ ಕಲ್ಲಿಗೂ. ತಿಂಗಳುಗಟ್ಟಲೆ ಹಿಡಿಯುತ್ತದೆ, ದಿನವೂ ನೋಡಿಕೊಳ್ಳಬೇಕು.

"ಮತ್ತೆ ಸೋಮವಾರ... ಟೈಲ್ಸ್ ಅಂಗಡಿ?"

"ಭಾವನಿಗೆ ಬರಲ್ಲ ಅಂತ ಹೇಳ್ತೀನಿ."

ಅವಳು ಧೈರ್ಯ ಮಾಡಿ ಕೇಳಿದಳು: "ನನ್ನ ಮೇಲಿನ ಕೋಪ?"

"ಇದೆ. ಎಷ್ಟು ದಿನ ಇರುತ್ತೋ ಗೊತ್ತಿಲ್ಲ."

"ಅದು ಹೋದ ಮೇಲೆ ಬರ್ಲಾ?"

"ಇರೋವಾಗ್ಲೇ ಬನ್ನಿ. ನಾಳೆಯಿಂದಾನೇ." ಉಪ್ಪು ಮೆತ್ತಿದ ಕೈಯಿಂದ ಅವಳ ಕೆನ್ನೆಯ ಮೇಲಿನ ನೀರು ಒರೆಸಿದ. "ಆ ಮೆಷಿನ್ ಒಂದು ತರಬೇಡಿ."

"ಇಲ್ಲ," ಎಂದಳು ಅವಳು, ಅಳುತ್ತಲೇ ನಕ್ಕು. "ಬರೀ ಕೈಯಲ್ಲಿ ಬರ್ತೀನಿ."